ಎಲೆಮರೆಯ ಕಾಯಿ ಅಂತ ಬರೀಬೇಡ ತಂಗಿ

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ಫೈಲುಗಳಿವೆ. ಒಂದಕ್ಕೆ ‘ಸನ್ಮಾನ ಗಂಡು’ ಅಂತ ಹೆಸರು, ಇನ್ನೊಂದಕ್ಕೆ ‘ಸನ್ಮಾನ ಹೆಣ್ಣು’. ಹೆಸರಿಟ್ಟವಳು ನಾನೇ. ಸಾಗರದ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಡಿಟಿಪಿ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಮದುವೆ ಕರೆಯೋಲೆ, ಅಡಿಕೆ ಮಂಡಿಯ ಬಿಲ್ ಬುಕ್ಕು, ವೈಕುಂಠ ಸಮಾರಾಧನೆಯ ಕಾರ್ಡು, ಮಾರಿಜಾತ್ರೆಯ ಬ್ಯಾನರು, ಇವೆಲ್ಲದರ ನಡುವೆ ಸನ್ಮಾನ ಪತ್ರವೂ ಬರುತ್ತದೆ. ನವೆಂಬರಿನಲ್ಲಿ ರಾಜ್ಯೋತ್ಸವ, ಆಮೇಲೆ ಸಂಘಗಳ ವಾರ್ಷಿಕೋತ್ಸವ, ಮಾರ್ಚಿನಲ್ಲಿ ಮಹಿಳಾ ದಿನಾಚರಣೆ. ಅಡಿಕೆ ಸುಗ್ಗಿಯೂ ಸನ್ಮಾನದ ಸುಗ್ಗಿಯೂ ನಮ್ಮಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ.

ಪತ್ರ ಮಾಡಿಸಲು ಬರುವವರು ಒಂದು ಚೀಟಿ ತರುತ್ತಾರೆ. ಅದರಲ್ಲಿ ಹೆಸರು ಮತ್ತು ಊರು ಇರುತ್ತದೆ. ‘ಮ್ಯಾಟರ್ ಏನು ಹಾಕಲಿ?’ ಅಂತ ಕೇಳಿದರೆ, ‘ಹಳೇದೇ ಹಾಕಿ ಮೇಡಂ, ಹೆಸರೊಂದು ಬದಲಾಯಿಸಿದ್ರೆ ಆಯ್ತು’ ಅನ್ನುತ್ತಾರೆ. ಆ ಎರಡು ಫೈಲುಗಳು ಹುಟ್ಟಿದ್ದು ಹೀಗೆ.

ಗಂಡಸರ ಫೈಲಿನಲ್ಲಿ ಖಾಲಿ ಜಾಗ ಜಾಸ್ತಿ. ‘____ ಸಹಕಾರಿ ಸಂಘದ ನಿರ್ದೇಶಕರಾಗಿ ____ರಿಂದ ____ರವರೆಗೆ’, ‘____ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರಾಗಿ’. ಪ್ರತಿ ಸಲ ಕೇಳಿ ತುಂಬಿಸಬೇಕು, ತಾರೀಖು ಬೇಕು. ಹೆಂಗಸರ ಫೈಲಿನಲ್ಲಿ ತುಂಬಿಸುವುದಕ್ಕೆ ಏನೂ ಇಲ್ಲ. ಎಲ್ಲ ಮೊದಲೇ ತುಂಬಿದೆ. ಸಹನಾಮೂರ್ತಿ, ಮಮತೆಯ ಕಡಲು, ನಿಸ್ವಾರ್ಥ ಸೇವೆ, ಎಲೆಮರೆಯ ಕಾಯಿ. ಯಾರ ಹೆಸರು ಹಾಕಿದರೂ ಹೊಂದುತ್ತದೆ. ಬಾಡಿಗೆ ಪೇಟದ ಹಾಗೆ, ಎಲ್ಲರ ತಲೆಗೂ ಸರಿ. (ಪೇಟ ಗಂಡಸರಿಗೆ ಮಾತ್ರ. ‘ಹೆಣ್ಮಕ್ಕಳಿಗೆ ಪೇಟ ಚೆನ್ನಾಗಿ ಕಾಣಲ್ಲ’ ಅಂತ ಒಂದು ಸಮಿತಿಯವರು ಅಂಗಡಿಯಲ್ಲೇ ತೀರ್ಮಾನ ಮಾಡಿದ್ದನ್ನು ಕೇಳಿದ್ದೇನೆ.)

ಈ ಭೇದ ನನಗೂ ಬಹಳ ವರ್ಷ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದು ನನ್ನದೇ ಒಂದು ಎಡವಟ್ಟಿನಿಂದ. ಒಂದು ಮಾರ್ಚಿನಲ್ಲಿ ಮೇಲಿನ ಹೆಸರು ಬದಲಾಯಿಸಿದವಳು, ನಾಲ್ಕನೇ ಸಾಲಿನಲ್ಲಿದ್ದ ಹಿಂದಿನ ವರ್ಷದವರ ಹೆಸರನ್ನು ಹಾಗೇ ಬಿಟ್ಟುಬಿಟ್ಟಿದ್ದೆ. ಆ ಪತ್ರಕ್ಕೆ ಬಂಗಾರದ ಬಣ್ಣದ ಫ್ರೇಮು ಬಿತ್ತು. ವೇದಿಕೆಯ ಮೇಲೆ ಕೈಯಿಂದ ಕೈಗೆ ಹೋಯಿತು. ಫೋಟೊ ಪೇಪರಿನಲ್ಲೂ ಬಂತು. ಯಾರೂ ಏನೂ ಹೇಳಲಿಲ್ಲ. ಮುಂದಿನ ಮಾರ್ಚಿನಲ್ಲಿ ಫೈಲು ತೆರೆದಾಗ ನನಗೇ ಕಂಡಿತು. ಎದೆ ಧಸಕ್ ಅಂದಿತು. ಸಿಕ್ಕಿಬೀಳಲಿಲ್ಲವಲ್ಲ ಅಂತ ಮೊದಲು ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ನಾಚಿಕೆ ಆಮೇಲೆ ಬಂತು. ಸನ್ಮಾನ ಮಾಡಿಸಿಕೊಂಡ ಆ ಹೆಂಗಸು ಓದಿರುತ್ತಾರಾ? ಓದಿ, ‘ಇದು ನನ್ನದಲ್ಲ’ ಅಂತ ಸುಮ್ಮನಾದರಾ? ಅಥವಾ ಓದುವ ಹಾಗೆ ಅದರಲ್ಲಿ ಏನೂ ಇರಲಿಲ್ಲವಾ?

ನಮ್ಮ ಕಡೆಯ ಪತ್ರಗಳ ಮೊದಲ ಸಾಲು ಮಾತ್ರ ತಾಲ್ಲೂಕು ನೋಡಿಕೊಂಡು ಬದಲಾಗುತ್ತದೆ. ಶಿಕಾರಿಪುರದವರು ಬಂದರೆ ‘ಅಕ್ಕಮಹಾದೇವಿ ಜನಿಸಿದ ಉಡುತಡಿಯ ಪುಣ್ಯನೆಲದಲ್ಲಿ’ ಅಂತ ಶುರು. ಸಾಗರದವರಾದರೆ ‘ಕೆಳದಿ ಚೆನ್ನಮ್ಮನ ವೀರನಾಡಿನಲ್ಲಿ’. ಅದಾದ ಕೂಡಲೇ ‘ಸಹನಾಮೂರ್ತಿ’. ಒಂದು ದಿನ ಟೈಪ್ ಮಾಡುತ್ತಾ ನಗು ಬಂತು. ಅಕ್ಕ ರಾಜನ ಅರಮನೆಯನ್ನೇ ಬೇಡ ಅಂತ ಬಿಟ್ಟು ನಡೆದವಳು. ಸಹಿಸಿಕೊಂಡಿದ್ದರೆ ನಮಗೆ ಅಕ್ಕ ಆಗುತ್ತಲೇ ಇರಲಿಲ್ಲ. ಇನ್ನು ಚೆನ್ನಮ್ಮ 1672ರಿಂದ 1697ರವರೆಗೆ, ಗಂಡ ಸತ್ತ ಮೇಲೆ, ಇಪ್ಪತ್ತೈದು ವರ್ಷ ರಾಜ್ಯ ಆಳಿದವಳು. ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು. ಅವಳ ವಿಷಯ ಹೇಳುವಾಗ ಆಳಿದಳು, ಕೊಟ್ಟಳು, ಎದುರಿಸಿದಳು ಅನ್ನುತ್ತೇವೆ. ಇಸವಿ ಹೇಳುತ್ತೇವೆ. ಚೆನ್ನಮ್ಮನಿಗೆ ‘ಸನ್ಮಾನ ಗಂಡು’ ಫೈಲೇ ಸರಿಹೋಗುತ್ತದೆ!

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಸಂಘದವರು ಐದು ಜನ ಹೆಂಗಸರಿಗೆ ಸನ್ಮಾನ ಮಾಡುತ್ತೇವೆ ಅಂತ ಬಂದರು. ನಮ್ಮ ತವರಿನ ಕಡೆಯವರೇ. ‘ನೀನೂ ಸಮಿತಿಗೆ ಬಾ, ಹೆಣ್ಮಕ್ಕಳು ಯಾರಾದ್ರೂ ಇರ್ಬೇಕು’ ಅಂದರು. ಹೋದೆ. ಆಯ್ಕೆಯ ಸಭೆಯನ್ನು ಪೂರ್ತಿ ವರ್ಣಿಸುವುದು ಬೇಡ. ಈ ಕೇರಿಗೊಂದು, ಆ ಕೇರಿಗೊಂದು, ಕಳೆದ ಸಲ ಅವರ ಕಡೆಗೆ ಹೋಗಿತ್ತು, ಈ ಸಲ ಇವರ ಕಡೆಗೆ ಬರಲಿ. ಎಲ್ಲ ಕಡೆ ಹೀಗೇ ಅಲ್ವಾ. ಕೊನೆಗೆ ನನ್ನ ಕೈಗೆ ಬಂದ ಚೀಟಿಯಲ್ಲಿ ಐದು ಸಾಲುಗಳಿದ್ದವು. ಮೂರನೆಯ ಸಾಲಿನಲ್ಲಿ ಇಷ್ಟೇ: ‘ಆಶಾ, ಮೇಲಿನಕೇರಿ’.

‘ಪೂರ್ತಿ ಹೆಸರೇನು ಸರ್?’ ಕೇಳಿದೆ.

‘ಆಶಾನೇ ಕಣಮ್ಮ.’

‘ಅದು ಕೆಲಸದ ಹೆಸರಲ್ವಾ, ಆಶಾ ಕಾರ್ಯಕರ್ತೆ ಅಂತ?’

ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಪಕ್ಕದವರ ಮುಖ ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ಹದಿನೈದು ವರ್ಷದಿಂದ ಇವರ ಮನೆಯ ಬಾಣಂತಿಯರನ್ನು, ಮಕ್ಕಳ ಚುಚ್ಚುಮದ್ದನ್ನು ನೋಡಿಕೊಂಡವರು ಅವರು.

ಆ ದಿನ ಒಂದು ನಿರ್ಧಾರ ಮಾಡಿದೆ. ಈ ಐದು ಪತ್ರ ಫೈಲಿನಿಂದ ತೆಗೆಯುವುದಿಲ್ಲ. ಮನೆಗೇ ಹೋಗಿ ಕೇಳಿ ಬರೆಯುತ್ತೇನೆ.

ಮೊದಲು ಹೋಗಿದ್ದು ಒಬ್ಬ ಅಜ್ಜಿಯ ಮನೆಗೆ. 1987ರಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಆದಾಗ ಗೆದ್ದವರು. ಆಗ ಕರ್ನಾಟಕದಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ದೇಶಕ್ಕೆಲ್ಲ ಮೂರನೇ ಒಂದು ಅನ್ನುವ ಕಾಯ್ದೆ ಬಂದಿದ್ದು ಆಮೇಲೆ, 1993ರಲ್ಲಿ. ನಮ್ಮ ರಾಜ್ಯದಲ್ಲಿ ಅರ್ಧಕ್ಕೆ ಅರ್ಧ ಆಗಿದ್ದು 2010ರಲ್ಲಿ. ಅಜ್ಜಿಗೆ ಇಸವಿಗಳು ನೆನಪಿಲ್ಲ, ಕುರ್ಚಿ ನೆನಪಿದೆ. ‘ಮೊದಲ ಮೀಟಿಂಗಿಗೆ ಹೋದ್ರೆ ನಂಗೆ ಕುರ್ಚಿನೇ ಇರ್ಲಿಲ್ಲ. ನಿಂತೇ ಇದ್ದೆ. ಎರಡನೇ ಸಲ ಮನೆಯಿಂದ ಮಣೆ ತಗಂಡು ಹೋದೆ. ನೆಲದಲ್ಲಿ ಹಾಕ್ಕಂಡು ಕೂತೆ. ಮೂರನೇ ಸಲ ಕುರ್ಚಿ ತರ್ಸಿದ್ರು.’ ಇದನ್ನು ಹಾಗೇ ಪತ್ರದಲ್ಲಿ ಹಾಕಿದೆ. ಮಣೆ ಅನ್ನುವ ಪದ ಇರುವ ಸನ್ಮಾನ ಪತ್ರವನ್ನು ನಾನಂತೂ ಅದಕ್ಕೆ ಮೊದಲು ನೋಡಿರಲಿಲ್ಲ.

ಮೀಸಲಾತಿ ಬಂದು ಇಷ್ಟು ವರ್ಷವಾದರೂ ಪ್ರೆಸ್ಸಿನಲ್ಲಿ ಕೂತವರಿಗೆ ಒಂದು ವಿಷಯ ಕಾಣುತ್ತಲೇ ಇರುತ್ತದೆ. ಪಂಚಾಯ್ತಿ ಅಧ್ಯಕ್ಷೆ ಶುಭಾಶಯ ಕೋರುವ ಬ್ಯಾನರಿಗೆ ಅವರದೊಂದು ಪಾಸ್‌ಪೋರ್ಟ್ ಸೈಜಿನ ಫೋಟೊ ಬರುತ್ತದೆ. ಜೊತೆಗೆ ಗಂಡನದ್ದು, ಕೈ ಮುಗಿದು ನಿಂತಿದ್ದು, ಆಳೆತ್ತರದ್ದು. ‘ಇದನ್ನ ಸ್ವಲ್ಪ ದೊಡ್ಡದು ಮಾಡಿ’ ಅಂತ ಹೇಳುವುದು ಯಾವುದನ್ನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯವರು ಸಂಕದ ಅಕ್ಕ. ಮಲೆನಾಡಿನವರಿಗೆ ಕಾಲುಸಂಕ ಗೊತ್ತು. ಹೊರಗಿನವರಿಗೆ ಹೇಳುವುದಾದರೆ, ಹಳ್ಳದ ಮೇಲೆ ನಾಲ್ಕೈದು ಅಡಿಕೆ ಮರ ಅಡ್ಡ ಹಾಕಿ, ಬಳ್ಳಿಯಿಂದ ಕಟ್ಟಿ, ಹಿಡಿದುಕೊಳ್ಳೋಕೆ ಪಕ್ಕಕ್ಕೊಂದು ಬಿದಿರು ಬಿಗಿದರೆ ಅದೇ ಸೇತುವೆ. ಮಳೆಗಾಲದಲ್ಲಿ ಮಕ್ಕಳು ಸ್ಕೂಲಿಗೆ ಹೋಗುವುದು ಅದರ ಮೇಲೇ. ಅಡಿಕೆ ಮರ ಮಳೆಗೆ ಲಡ್ಡಾಗುತ್ತದೆ, ವರ್ಷವರ್ಷವೂ ಹೊಸದು ಹಾಕಬೇಕು. ಈ ಅಕ್ಕ ಇಪ್ಪತ್ತು ವರ್ಷದಿಂದ ಮೇ ತಿಂಗಳಲ್ಲಿ ಮನೆಮನೆಗೆ ಹೋಗಿ ಜನ ಸೇರಿಸುತ್ತಾರೆ. ಅವರಿಗೆ ಯಾವ ಹುದ್ದೆಯೂ ಇಲ್ಲ. ಒಂದು ಹಳೇ ನೋಟುಬುಕ್ಕಿದೆ. ಯಾವ ವರ್ಷ ಯಾರ ತೋಟದಿಂದ ಎಷ್ಟು ಮರ ಬಂತು, ಯಾರ ಮನೆಯಿಂದ ಆಳು ಬರಲಿಲ್ಲ, ಎಲ್ಲ ಅದರಲ್ಲಿದೆ. ಬಾರದವರ ಹೆಸರಿನ ಮುಂದೆ ಒಂದು ಸೊನ್ನೆ. ಎರಡು ಸೊನ್ನೆಯಾದರೆ ಮೂರನೇ ವರ್ಷ ಅವರ ಮನೆ ಜಗಲಿಯಲ್ಲೇ ಹೋಗಿ ಕೂರುತ್ತಾರಂತೆ. ಬೈಯುವುದಿಲ್ಲ, ಜಗಳವಾಡುವುದಿಲ್ಲ. ಕಾಫಿ ಕೊಟ್ಟರೆ ಕುಡಿಯುತ್ತಾರೆ. ಆಳು ಹೊರಡುವವರೆಗೆ ಎದ್ದೇಳುವುದಿಲ್ಲ.

‘ಪಕ್ಕದ ಹಳ್ಳಕ್ಕೆ ಸರ್ಕಾರದವರು ಸಿಮೆಂಟಿನ ಸಂಕ ಮಾಡಿದ್ರಲ್ಲ ಅಕ್ಕ, ಅದಕ್ಕೂ ನೀವೇ ಓಡಾಡಿದ್ದಂತೆ?’

‘ಅರ್ಜಿ ಬರ್ಸಿದ್ದು ನಾನು. ಐದು ವರ್ಷ ಆಯ್ತು ಅದು ಆಗೋಕೆ. ಕಲ್ಲು ನೋಡಿದ್ಯಾ?’

ನೋಡಿದ್ದೆ. ಗ್ರಾನೈಟ್ ಕಲ್ಲು. ಉದ್ಘಾಟಕರು, ಅಧ್ಯಕ್ಷತೆ, ಉಪಸ್ಥಿತಿ, ಗುತ್ತಿಗೆದಾರರು. ಹನ್ನೊಂದು ಹೆಸರುಗಳಿವೆ.

‘ಬೇಜಾರಾಗ್ಲಿಲ್ವಾ?’

‘ಎಂತಕ್ಕೆ? ಮಳೆಗಾಲದಲ್ಲಿ ಬಟ್ಟೆ ಒಣಗಿಸೋಕೆ ಚೆನ್ನಾಗಿದೆ ಆ ಕಲ್ಲು.’

ಉಳಿದ ಇಬ್ಬರ ಮನೆಗೂ ಹೋದೆ, ಅವರ ಪತ್ರಗಳೂ ಚೆನ್ನಾಗಿಯೇ ಆದವು. ಆದರೆ ಹೆಚ್ಚು ಹೇಳಬೇಕಿರುವುದು ಮೇಲಿನಕೇರಿಯವರ ವಿಷಯ. ಹೆಸರು ಕೇಳಿ ಬರೆದುಕೊಂಡೆ, ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ. ಇಲ್ಲಿ ಮಾತ್ರ ಹಾಕುತ್ತಿಲ್ಲ. ‘ಇಂಟರ್‌ನೆಟ್ಟಲ್ಲೆಲ್ಲ ನನ್ನ ಹೆಸರು ಬೇಡ ಮಾರಾಯ್ತಿ, ನಾಳೆ ಯಾರಾದ್ರೂ ಕೇಳಿದ್ರೆ ನಂಗೇ ತೊಂದ್ರೆ’ ಅಂದಿದ್ದಾರೆ. ಊರಿನವರು ಕರೆಯುವ ಹಾಗೆ ಆಶಕ್ಕ ಅಂತಲೇ ಇರಲಿ.

ನಾನು ಹೋದಾಗ ಆಶಕ್ಕ ಅಂಗಳದ ಚಪ್ಪರದಡಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು. ಕೊನೆಯ ಕೊಯ್ಲಿನ ಅಡಿಕೆ. ಕಾಯಿಯನ್ನು ಕತ್ತಿಯ ಮೂತಿಗೆ ಒತ್ತಿ, ಎರಡು ಸಲ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ನನ್ನ ಕಣ್ಣಿಗೆ ಬಿದ್ದಿದ್ದು ಅವರ ಮೊಣಕಾಲ ಮೇಲಿದ್ದ ಬಟ್ಟೆ. ಜರಿ ಅಂಚು, ನೇರಳೆ ಬಣ್ಣ, ತುಂಬ ಚೊಗರಿನ ಕಲೆ.

‘ಅಕ್ಕ, ಇದು ಸನ್ಮಾನದ ಶಾಲಲ್ವಾ?’

‘ಹೌದು. ಹಳೇ ಸೀರೆಗಿಂತ ಇದು ಗಟ್ಟಿ. ಚೊಗರು ಕೆಳಗೆ ಇಳಿಯಲ್ಲ.’ ಕೈ ನಿಲ್ಲಿಸದೇ ಹೇಳಿದರು. ‘ಇನ್ನೂ ಮೂರು ಇದಾವೆ. ಒಂದು ಮೊಮ್ಮಗು ಜೋಲಿಗೆ ಆಯ್ತು.’

ಏನು ಮಾಡಿದ್ದೀರಿ ಅಂತ ಕೇಳಿದರೆ ಎಲ್ಲ ಹೆಂಗಸರ ಹಾಗೆ ಇವರೂ ‘ಎಂತದೂ ಇಲ್ಲ’ ಅಂದರು. ಅದಕ್ಕೇ ಪ್ರಶ್ನೆ ಬದಲಾಯಿಸಿದೆ. ‘2019ರ ಜನವರಿಯಲ್ಲಿ ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡ್ತಿದ್ರಿ?’ ಅಂತ ಕೇಳಿದೆ. ಕೈ ನಿಂತಿತು.

ಆ ವರ್ಷವನ್ನು ಸಾಗರ ತಾಲ್ಲೂಕಿನವರು ಮರೆಯುವುದಿಲ್ಲ. ಅರಳಗೋಡಿನ ಸುತ್ತಮುತ್ತ ಮಂಗನ ಕಾಯಿಲೆ ಹಬ್ಬಿತ್ತು. ಇದು ನಮ್ಮ ಜಿಲ್ಲೆಯ ಕಾಡೊಂದರ ಹೆಸರನ್ನೇ ಹೊತ್ತ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮೊದಲ ಸಲ ಪತ್ತೆಯಾಯಿತು, ಹಾಗಾಗಿ ಪ್ರಪಂಚಕ್ಕೆಲ್ಲ ಇದು ಕ್ಯಾಸನೂರು ಕಾಡಿನ ಕಾಯಿಲೆ. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮಳೆ ಬೀಳುವವರೆಗೆ ಕಣ್ಣಿಗೂ ಸರಿಯಾಗಿ ಕಾಣದ ಮರಿ ಉಣುಗು ಒಣಗಿದ ಎಲೆಗಳಲ್ಲಿ ಇರುತ್ತದೆ. ನಮ್ಮವರು ತೋಟಕ್ಕೆ, ಕೊಟ್ಟಿಗೆಗೆ ಅಂತ ದರಗು ಗುಡಿಸಲು ಬೆಟ್ಟಕ್ಕೆ ಹೋಗುವುದೂ ಅದೇ ಕಾಲದಲ್ಲಿ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿದ್ದ ಉಣುಗೆಲ್ಲ ಸುತ್ತಲಿನ ನೆಲಕ್ಕೆ ಇಳಿಯುತ್ತದೆ. ಅಲ್ಲಿ ಕಾಲಿಟ್ಟವರಿಗೆ ಹತ್ತುತ್ತದೆ. ಜ್ವರ, ತಲೆನೋವು, ಮೈಕೈ ನುಗ್ಗಾಗುವಂಥ ನೋವು. ಇದಕ್ಕೇ ಅಂತ ಔಷಧಿ ಇಲ್ಲ. ಬಾರದ ಹಾಗೆ ನೋಡಿಕೊಳ್ಳುವುದೊಂದೇ ದಾರಿ.

ಬಾರದ ಹಾಗೆ ನೋಡಿಕೊಳ್ಳುವುದು ಅಂದರೆ ಏನು ಅನ್ನುವುದನ್ನು ಆಶಕ್ಕ ಬಿಡಿಸಿ ಹೇಳಿದರು. ಉಣುಗು ಹತ್ತದ ಹಾಗೆ ಹಚ್ಚುವ ಡಿಎಂಪಿ ಎಣ್ಣೆಯ ಬಾಟಲಿ ಚೀಲದಲ್ಲಿ ತುಂಬಿಕೊಂಡು ಹೊರಡುವುದು. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮೀಯಿರಿ, ಉಟ್ಟ ಬಟ್ಟೆ ಕುದಿಯುವ ನೀರಿಗೆ ಹಾಕಿ ಅಂತ ಹೇಳುವುದು. ಅದೇ ಮನೆಗೆ ಮುಂದಿನ ವಾರ ಹೋದರೆ ಬಾಟಲಿ ಹಾಗೇ ಮಾಡಿನ ಸಂದಿಯಲ್ಲಿ ಇರುತ್ತದೆ. ‘ಗಬ್ಬು ವಾಸನೆ’ ಅನ್ನುತ್ತಾರೆ. ಮತ್ತೆ ಹೇಳುವುದು. ಲಸಿಕೆ ಹಾಕಿಸಿಕೊಳ್ಳಿ ಅಂತ ಕರೆಯುವುದು. ಆ ಲಸಿಕೆ ಒಂದೇ ಸಲಕ್ಕೆ ಮುಗಿಯುತ್ತಿರಲಿಲ್ಲ. ತಿಂಗಳ ಅಂತರದಲ್ಲಿ ಎರಡು, ಆರು ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಂದು. ಚುಚ್ಚಿದ ಜಾಗ ಊದುತ್ತಿತ್ತು. ಸುಲಿಯುವ ಕೈ ಎರಡು ದಿನ ಏಳದಿದ್ದರೆ ಎರಡು ದಿನದ ಕೂಲಿ ಹೋಯಿತು. ಅದಕ್ಕೇ ಜನ ತಪ್ಪಿಸಿಕೊಳ್ಳುತ್ತಿದ್ದರು. ‘ಅವ್ರದ್ದೂ ತಪ್ಪಲ್ಲ’ ಅಂದರು ಆಶಕ್ಕ. ‘ನಾನೂ ಸುಲಿಯೋಳೇ ಅಲ್ವಾ.’

ಸತ್ತ ಮಂಗದ ಸುದ್ದಿ ಬಂದರೆ ಆಸ್ಪತ್ರೆಗೆ ಫೋನು. ಫೋನು ಮಾಡಲು ನೆಟ್‌ವರ್ಕ್ ಸಿಗುವ ಕಲ್ಲಿನ ತನಕ ಅರ್ಧ ಮೈಲಿ ಹತ್ತಬೇಕು. ಆಶಾಗಳನ್ನು ನೇಮಿಸುವ ಲೆಕ್ಕ ಸಾವಿರ ಜನಕ್ಕೆ ಒಬ್ಬರು. ಬಯಲುಸೀಮೆಯಲ್ಲಿ ಸಾವಿರ ಜನ ಅಂದರೆ ನಾಲ್ಕು ಬೀದಿ. ನಮ್ಮಲ್ಲಿ ಒಂದು ಮನೆ ಈ ದರೆಯ ಮೇಲೆ, ಇನ್ನೊಂದು ಆ ಕಣಿವೆಯಲ್ಲಿ, ನಡುವೆ ಒಂದು ಹಳ್ಳ. ಒಂಟಿಮನೆಗಳ ಊರಲ್ಲಿ ಸಾವಿರಕ್ಕಿಂತ ಕಡಿಮೆ ಜನರಿದ್ದರೂ ಕಾಲು ಸಾಕಾಗುವುದಿಲ್ಲ.

‘2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ನಿಮಗೆಲ್ಲ ಪ್ರಶಸ್ತಿ ಕೊಟ್ರಲ್ಲ ಅಕ್ಕ.’

‘ಹೌದು, ವಾಟ್ಸಾಪಲ್ಲಿ ಬಂದಿತ್ತು. ದೇಶದ ಹತ್ತು ಲಕ್ಷ ಜನಕ್ಕೆ ಸೇರಿಸಿ ಒಂದು. ನನ್ನ ಪಾಲಿಗೆ ಎಷ್ಟು ಬರ್ತದೆ ಲೆಕ್ಕ ಹಾಕು, ನೀನು ಕಂಪ್ಯೂಟರ್ ಕಲ್ತವಳಲ್ವಾ.’

ದುಡ್ಡಿನ ಮಾತೂ ಬಂತು. ಇವರಿಗೆ ಬರುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಕಾಗದದಲ್ಲಿ ಇವರು ಸ್ವಯಂಸೇವಕಿಯರು. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತಿದ್ದು ಪೇಪರಿನಲ್ಲಿ ನೋಡಿರುತ್ತೀರಿ. ಅವರು ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಸರ್ಕಾರ ಭರವಸೆ ಕೊಟ್ಟಿದ್ದು ಎಲ್ಲ ಸೇರಿ ಕನಿಷ್ಠ 10,000. ಆಶಕ್ಕ ಹೋಗಿರಲಿಲ್ಲ, ಕಾಯಿಲೆಯ ಸೀಸನ್ನು. ‘ಗೌರವಧನ ಅನ್ನೋ ಹೆಸರು ಇಟ್ಟವ್ರು ಬುದ್ಧಿವಂತ್ರು’ ಅಂದರು. ‘ಸಂಬಳ ಅಂದ್ರೆ ಎಲ್ಲಿ ಅಂತ ಕೇಳ್ಬಹುದು. ಗೌರವ ಅಂದ್ರೆ ಕೊಟ್ಟಾಗ ತಗೋಬೇಕು.’

ಅಂಗಡಿಗೆ ಬಂದು ಬರೆಯಲು ಕೂತೆ. ಎರಡು ರಾತ್ರಿ ಬೇಕಾಯಿತು. ಬರೆದಿದ್ದನ್ನು ಫೋನಿನಲ್ಲಿ ಓದಿ ಹೇಳಿದೆ. ಅವರು ಆ ನೆಟ್‌ವರ್ಕಿನ ಕಲ್ಲಿನ ಮೇಲೆ ನಿಂತಿದ್ದರು, ಗಾಳಿಯ ಸದ್ದು ಕೇಳುತ್ತಿತ್ತು. ಅಭ್ಯಾಸಬಲದಿಂದ ಕೊನೆಗೆ ‘ಎಲೆಮರೆಯ ಕಾಯಿಯಂತೆ’ ಅಂತ ಒಂದು ಸಾಲು ಸೇರಿಸಿಬಿಟ್ಟಿದ್ದೆ.

‘ಎಲೆಮರೆಯ ಕಾಯಿ ಅಂತ ಬರೀಬೇಡ ತಂಗಿ’ ಅಂದರು. ‘ನಾನೆಲ್ಲಿ ಮರೇಲಿದ್ದೆ? ದಿನಾ ಆ ಗುಲಾಬಿ ಸೀರೆ ಉಟ್ಕಂಡು ರೋಡಲ್ಲೇ ಓಡಾಡ್ತೀನಿ. ಆ ಗುಡ್ಡದ ಮೇಲಿಂದ ನೋಡಿದ್ರೂ ಕಾಣ್ತದೆ. ನೋಡ್ಲಿಲ್ಲ ಅಂದ್ರೆ ಅದು ಕಾಯಿ ತಪ್ಪಾ?’

ಅಳಿಸಿದೆ. ಹದಿನಾಲ್ಕು ವರ್ಷದಲ್ಲಿ ಆ ಸಾಲನ್ನು ಎಷ್ಟು ಜನರ ಮೇಲೆ ಹೊದಿಸಿದ್ದೇನೋ. ಕಾಯಿ ತಾನಾಗಿ ಮರೆಗೆ ಹೋಗಿ ಕೂತಿತ್ತು ಅನ್ನುವ ಹಾಗೆ.

‘ಇನ್ನೊಂದು. ಮೂವತ್ತೆಂಟು ಮನೆಗೂ ತಪ್ಪದೇ ಎಣ್ಣೆ ಮುಟ್ಟಿಸಿದ್ರು ಅಂತ ಓದಿದ್ಯಲ್ಲ, ಅದು ಸುಳ್ಳು. ಮೂವತ್ತಾರು. ಎರಡು ಮನೆಯವ್ರು ಕೊನೆವರೆಗೂ ಬಾಗಿಲು ತೆಗೀಲಿಲ್ಲ.’

‘ಅದನ್ನ ಬಿಡಿ ಅಕ್ಕ, ಸನ್ಮಾನ ಪತ್ರದಲ್ಲಿ ಯಾರು ಅಂಥದ್ದು ಬರೀತಾರೆ?’

‘ಬರಿ. ಆ ಎರಡು ಮನೇಲಿ ಪುಣ್ಯಕ್ಕೆ ಏನೂ ಆಗ್ಲಿಲ್ಲ. ಆದ್ರೆ ನಾನು ದಿನಾ ಆ ದಾರೀಲಿ ಹೋಗ್ತಾ ಬಾಗಿಲು ನೋಡ್ತಿದ್ದೆ.’

ಬರೆದೆ. ‘ಮೂವತ್ತೆಂಟು ಮನೆಗಳ ಪೈಕಿ ಮೂವತ್ತಾರು ಮನೆಗಳಿಗೆ’ ಅಂತ.

ಇನ್ನು ಕಾರ್ಯಕ್ರಮ. ಮಾರ್ಚ್ ಎರಡನೇ ಭಾನುವಾರ, ಸಮುದಾಯ ಭವನ. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ ಅಂತ ಹಾಕಿದ್ದೂ ನಾನೇ. ಮುಖ್ಯ ಅತಿಥಿಗಳು ಬಂದಾಗ ಒಂದು ಗಂಟೆ ಹತ್ತಿರವಾಗಿತ್ತು. ಐವರೂ ರೇಷ್ಮೆ ಸೀರೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಫ್ಯಾನಿಲ್ಲದ ಕಡೆ. ಮಹಿಳಾ ದಿನಾಚರಣೆಗೆ ಉಪ್ಪಿಟ್ಟು, ಕೇಸರಿಬಾತು ಮಾಡುತ್ತಿದ್ದ ಸ್ವಸಹಾಯ ಸಂಘದ ಹೆಂಗಸರು ಹಿಂದಿನ ಅಡುಗೆಮನೆಯಲ್ಲಿ. ಅವರಿಗೆ ವೇದಿಕೆ ಕಾಣುತ್ತಿರಲಿಲ್ಲ, ಮೈಕು ಕೇಳುತ್ತಿತ್ತು. ಅತಿಥಿಗಳು ಮಾತಿನಲ್ಲಿ ಹೆಣ್ಣನ್ನು ಭೂಮಿಗೆ ಹೋಲಿಸಿದರು, ನದಿಗೆ ಹೋಲಿಸಿದರು, ತುಂಗೆ ಭದ್ರೆ ಶರಾವತಿ ಎಲ್ಲ ಬಂದು ಹೋದವು. ಆಶಕ್ಕನ ಫೋನು ಮಡಿಲಲ್ಲಿ ಅದುರುತ್ತಲೇ ಇತ್ತು. ಮಾರ್ಚ್ ಅಂದರೆ ಕಾಯಿಲೆಯ ಕಾಲ. ಈ ದಿನಾಚರಣೆ ಒಂದು ನಾಲ್ಕು ತಿಂಗಳು ಮುಂದೆ, ಮಳೆಯಲ್ಲಿ ಬಂದಿದ್ದರೆ ನಮ್ಮ ಕಡೆಯವರಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಸನ್ಮಾನದ ಹೊತ್ತು ಬಂತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಫ್ರೇಮು. ನಾನು ವೇದಿಕೆಯ ಪಕ್ಕದಲ್ಲಿ ನಿಂತಿದ್ದೆ, ಪತ್ರ ಓದುವುದನ್ನು ಕೇಳಬೇಕು ಅಂತ. ಮಣೆಯ ಸಾಲು ಬಂದಾಗ ಜನ ನಗುತ್ತಾರಾ, ಮೂವತ್ತಾರು ಅಂದಾಗ ಆ ಎರಡು ಮನೆಯವರು ಇಲ್ಲಿ ಕೂತಿದ್ದಾರಾ, ಇದೇ ಯೋಚನೆ. ನಿರೂಪಕರು ಮೈಕು ಹಿಡಿದು, ‘ಸಮಯದ ಅಭಾವ ಇರೋದ್ರಿಂದ ಸನ್ಮಾನ ಪತ್ರಗಳನ್ನು ಓದಲಾಗಿದೆ ಎಂದು ಭಾವಿಸಬೇಕಾಗಿ ವಿನಂತಿ’ ಅಂದರು. ಚಪ್ಪಾಳೆ ಬಿತ್ತು.

ಐವರ ಪರವಾಗಿ ಒಬ್ಬರು ಎರಡು ಮಾತು ಆಡಲಿ ಅಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಸಂಕದ ಅಕ್ಕ ಎದ್ದರು. ಧನ್ಯವಾದ ಹೇಳುತ್ತಾರೆ ಅಂದುಕೊಂಡೆವು. ‘ಇಷ್ಟು ಜನ ಒಟ್ಟಿಗೆ ಸಿಗೋದು ಕಷ್ಟ, ಅದಕ್ಕೇ ಈಗ್ಲೇ ಹೇಳ್ತೀನಿ. ಮೇ ತಿಂಗಳ ಕೊನೇ ಭಾನುವಾರ ಸಂಕದ ಕೆಲಸ. ಮನೆಗೊಬ್ರು ಬರ್ಬೇಕು. ಮರ ಕೊಡೋರು ಈಗ್ಲೇ ನೋಡಿಡಿ. ಹೋದ ವರ್ಷ ಬರ್ದೇ ಇದ್ದೋರು ಯಾರ್ಯಾರು ಅಂತ ಪುಸ್ತಕದಲ್ಲಿದೆ’ ಅಂದು, ಮುಂದಿನ ಸಾಲಿನ ಕಡೆ ಒಮ್ಮೆ ನೋಡಿ ಕೂತರು. ಅಡುಗೆಮನೆಯ ಕಡೆಯಿಂದ ಜೋರು ನಗು ಕೇಳಿತು. ಆವತ್ತಿನ ಕಾರ್ಯಕ್ರಮದಲ್ಲಿ ನನಗೆ ತಲೆಯಲ್ಲಿ ಉಳಿದ ಭಾಷಣ ಅದೊಂದೇ.

ಎಲ್ಲ ಮುಗಿಯುವಾಗ ನಾಲ್ಕೂವರೆ. ಆಶಕ್ಕನ ಊರಿನ ಕೊನೆಯ ಬಸ್ಸು ನಾಲ್ಕು ಗಂಟೆಗೇ ಹೋಗಿತ್ತು. ಕರೆಸಿದ್ದು ನೆನಪಿತ್ತು, ಕಳಿಸುವುದು ನಮ್ಮ ಸಮಿತಿಯ ಯಾರ ತಲೆಗೂ ಬಂದಿರಲಿಲ್ಲ. ನನ್ನ ತಲೆಗೂ. ಅತಿಥಿಗಳ ಕಾರಿಗೆ ಡೀಸೆಲ್ಲಿನ ಲೆಕ್ಕ ಮಾತ್ರ ಸರಿಯಾಗಿ ಬರೆದಿದ್ದೆವು.

ನನ್ನ ಸ್ಕೂಟಿಯಲ್ಲಿ ಕೂರಿಸಿಕೊಂಡು ಹೊರಟೆ. ಹದಿನೆಂಟು ಕಿಲೋಮೀಟರ್. ಹಣ್ಣಿನ ಬುಟ್ಟಿ ನನ್ನ ಕಾಲಿನ ಹತ್ತಿರ, ಫ್ರೇಮು ಅವರ ತೊಡೆಯ ಮೇಲೆ, ಹೊಸ ಶಾಲು ತಲೆಗೆ ಸುತ್ತಿಕೊಂಡಿದ್ದರು. ಹಂಪ್ ಒಂದು ಕಾಣಲಿಲ್ಲ, ಗಾಜು ಟಪ್ ಅಂದಿತು. ‘ಹೋಗ್ಲಿ ಬಿಡು, ಮಳೆಗಾಲದಲ್ಲಿ ಹೆಂಗೂ ಒಳಗೆ ಬೂಸು ಹಿಡೀತಿತ್ತು’ ಅಂದರು.

ಅವರ ಊರು ಇನ್ನೂ ಎರಡು ಮೈಲಿ ಇರುವಾಗ ಒಂದು ಮನೆಯ ದಣಪೆಯ ಹತ್ತಿರ ನಿಲ್ಲಿಸು ಅಂದರು. ಇಡೀ ಮಧ್ಯಾಹ್ನ ಫೋನು ಮಾಡಿದ್ದು ಆ ಮನೆಯವರು. ಆಶಕ್ಕ ಹಾಗೇ ಇಳಿದರು. ರೇಷ್ಮೆ ಸೀರೆ, ಕುತ್ತಿಗೆಯಲ್ಲಿ ಗಂಧದ ಹಾರ ತೆಗೆಯುವುದನ್ನೂ ಮರೆತಿದ್ದರು. ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದವನ ಹಣೆ ಮುಟ್ಟಿದರು. ‘ಜ್ವರ ಎಷ್ಟು ದಿನ ಆಯ್ತು? ಬೆಟ್ಟಕ್ಕೆ ಹೋಗಿದ್ಯಾ? ಎಣ್ಣೆ ಹಚ್ಚಿದ್ಯಾ? ಸತ್ಯ ಹೇಳು.’ ಅವನು ಆ ಹಾರವನ್ನೇ ನೋಡುತ್ತಿದ್ದ. ‘ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬಾ, ರಕ್ತ ಕೊಡ್ಬೇಕು. ಬರ್ಲಿಲ್ಲ ಅಂದ್ರೆ ಏಳು ಗಂಟೆಗೆ ನಾನೇ ಬರ್ತೀನಿ.’ ಹಣ್ಣಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದರು.

ಮತ್ತೆ ಅವರ ಫೋನು ಬಂದಿದ್ದು ನವೆಂಬರಿನಲ್ಲಿ, ದೀಪಾವಳಿ ಕಳೆದ ಮೇಲೆ. ಆ ಕಲ್ಲಿನ ಮೇಲಿನ ಗಾಳಿ ಕೇಳಿಸಿತು.

‘ತಂಗಿ, ಆ ಪತ್ರ ನಿನ್ನ ಕಂಪ್ಯೂಟರಲ್ಲಿ ಇದ್ಯಾ?’

‘ಇದೆ ಅಕ್ಕ. ಯಾಕೆ, ಫ್ರೇಮು ಹಾಕಿಸ್ಬೇಕಾ?’

‘ಫ್ರೇಮೆಲ್ಲ ಬೇಡ. ನನ್ನ ಹಳೇ ಡೈರಿ ಎಲ್ಲ ಗೆದ್ಲು ಹಿಡ್ದಿದೆ. ಆಸ್ಪತ್ರೆಗೆ ಹೊಸ ಸಿಸ್ಟರ್ ಬಂದಿದಾರೆ, ಆ ವರ್ಷ ಯಾವ ತಿಂಗಳು ಎಷ್ಟು ಮನೆ ಅಂತ ಕೇಳ್ತಿದಾರೆ. ತಾರೀಖೆಲ್ಲ ಅದರಲ್ಲಿ ಸರಿಯಾಗಿದೆ. ಎರಡು ಜೆರಾಕ್ಸ್ ಮಾಡಿ ನಾಳೆ ನಾಲ್ಕು ಗಂಟೆ ಬಸ್ಸಿಗೆ ಕೊಟ್ಟು ಕಳ್ಸು. ಕಂಡಕ್ಟರಿಗೆ ಹೇಳಿದೀನಿ.’

‘ಆಯ್ತು ಅಕ್ಕ.’

‘ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಕು ಮಾರಾಯ್ತಿ, ಇಲ್ಲಿ ಇನ್ನೂ ಇಬ್ಬನಿ.’